ಪೂರ್ಣಗಾತ್ರದ ಹೆಡ್‌ಫೋನ್ ಮತ್ತು ಜೇಬಿನ ಪ್ಲೇಯರ್: ಧ್ವನಿಗುಣವನ್ನು ತೂಗುವ ಬಗೆ

ಎಲೆಕ್ಟ್ರಾನಿಕ್ ಸರಕುಗಳ ಚಿಲ್ಲರೆ ವ್ಯಾಪಾರದಲ್ಲಿ, ಕೆಡದೆಯೇ ಅಂಗಡಿಗೆ ಹಿಂದಿರುಗಿ ಬರುವ ಪದಾರ್ಥವೇ ವರ್ತಕನಿಗೆ ಹೆಚ್ಚಿನ ತಲೆನೋವು ತರುವಂಥದು. ಕೆಟ್ಟ ಪದಾರ್ಥಕ್ಕೆ ವಾರಂಟಿ ಇದೆ, ಸರ್ವಿಸ್ ಸೆಂಟರ್ ಇದೆ. ಕೆಡದಿರುವುದಕ್ಕೆ ಇವೆರಡೂ ಇಲ್ಲ. ಕಿವಿಯನ್ನು ಪೂರ್ತಿಯಾಗಿ ಆವರಿಸುವ ದೊಡ್ಡ ಹೆಡ್‌ಫೋನ್ ಈ ಜಾತಿಗೆ ಸೇರಿದ್ದು. ಗ್ರಾಹಕನೊಬ್ಬ ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ, ಮೆಚ್ಚಿ, ಹದಿನೈದೋ ಇಪ್ಪತ್ತೋ ಸಾವಿರ ರೂಪಾಯಿ ತೆತ್ತು ಒಯ್ಯುತ್ತಾನೆ. ಮೂರನೆಯ ದಿನ ಪೆಟ್ಟಿಗೆಯೊಡನೆ ಮರಳಿ ಬಂದು, "ಇಲ್ಲಿ ಕೇಳಿದ ಧ್ವನಿ ಮನೆಯಲ್ಲಿ ಬರುತ್ತಿಲ್ಲ, ನೀವು ಕೊಟ್ಟಿರುವುದು ಬೇರೆ ಪೀಸ್" ಎನ್ನುತ್ತಾನೆ. ವರ್ತಕ ಅದನ್ನೇ ಅಂಗಡಿಯ ಆಂಪ್ಲಿಫೈಯರಿಗೆ ಜೋಡಿಸಿ ಕೇಳಿದರೆ ಧ್ವನಿ ಮೊದಲಿನಂತೆಯೇ ಇರುತ್ತದೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಅಂಗಡಿಯಲ್ಲಿ ಪರೀಕ್ಷಿಸಿದ್ದು ಹೆಡ್‌ಫೋನ್ ಮತ್ತು ಆಂಪ್ಲಿಫೈಯರ್ ಎಂಬ ಜೋಡಿಯನ್ನು. ಮನೆಯಲ್ಲಿ ಕೇಳಿದ್ದು ಹೆಡ್‌ಫೋನ್ ಮತ್ತು ಮೊಬೈಲ್ ಎಂಬ ಬೇರೆಯೇ ಜೋಡಿಯನ್ನು.

ತಂತಿಯುಳ್ಳ ಹೆಡ್‌ಫೋನನ್ನು ಒಂಟಿಯಾಗಿ ಪರೀಕ್ಷಿಸಲು ಬರುವುದಿಲ್ಲ, ಅದನ್ನು ನುಡಿಸುವ ಪ್ಲೇಯರಿನೊಡನೆಯೇ ಪರೀಕ್ಷಿಸಬೇಕು. ಈ ಒಂದು ಸಂಗತಿ ಮಾರುವವನಿಗೂ ಕೊಳ್ಳುವವನಿಗೂ ಮನದಟ್ಟಾದರೆ ಮೇಲೆ ಹೇಳಿದ ಬಗೆಯ ವಿವಾದಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಎರಡು ವಂಶಗಳು

ದೊಡ್ಡ ಹೆಡ್‌ಫೋನ್ ಮತ್ತು ಜೇಬಿನ ಪ್ಲೇಯರ್ ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಜರ್ಮನಿಯ ಬೇಯರ್‌ಡೈನಾಮಿಕ್ ಸಂಸ್ಥೆ 1937ರಲ್ಲಿ ಡಿಟಿ 48 ಎಂಬ ಹೆಡ್‌ಫೋನನ್ನು ತಂದಾಗಲಾಗಲಿ, ಅಮೆರಿಕದ ಜಾನ್ ಕಾಸ್ 1958ರಲ್ಲಿ ಎಸ್‌ಪಿ/3 ಎಂಬ ಸ್ಟೀರಿಯೋ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಾಗಲಾಗಲಿ, ಅದನ್ನು ನುಡಿಸುತ್ತಿದ್ದುದು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುವ ಉಪಕರಣ. ಅಲ್ಲಿ ವೋಲ್ಟೇಜಿಗೆ ಬರವಿರಲಿಲ್ಲ. ಸೋನಿ ಸಂಸ್ಥೆ 1979ರ ಜುಲೈ 1ರಂದು ಜಪಾನಿನಲ್ಲಿ ವಾಕ್‌ಮನ್ ಬಿಡುಗಡೆ ಮಾಡಿದಾಗ ಎರಡು ಪೆನ್‌ಸೆಲ್‌ಗಳ ಶಕ್ತಿಗೆ ಹೊಂದುವ ಹಗುರವಾದ ಸಣ್ಣ ಹೆಡ್‌ಫೋನನ್ನೂ ಜೊತೆಯಲ್ಲೇ ಕೊಟ್ಟಿತು. ಪ್ಲೇಯರೂ ಹೆಡ್‌ಫೋನೂ ಒಂದಕ್ಕೊಂದು ಅಳತೆ ಹಿಡಿದು ಮಾಡಿದಂಥವು. ಆದುದರಿಂದ ಗ್ರಾಹಕ ಲೆಕ್ಕ ಹಾಕುವ ಅಗತ್ಯ ಬೀಳಲಿಲ್ಲ.

2001ರ ಐಪಾಡ್ ಮತ್ತು ಅದರ ಹಿಂದೆಯೇ ಬಂದ ಎಂಪಿ3 ಪ್ಲೇಯರುಗಳ ಕಾಲದಲ್ಲಿ ಈ ಹೊಂದಾಣಿಕೆ ತಪ್ಪಿತು. ಪ್ಲೇಯರಿನೊಡನೆ ಬಂದ ಸಣ್ಣ ಇಯರ್‌ಫೋನಿನಿಂದ ತೃಪ್ತರಾಗದ ರಸಿಕರು ಸ್ಟುಡಿಯೋಗಾಗಿ, ಮನೆಯ ಸ್ಟೀರಿಯೋಗಾಗಿ ಮಾಡಿದ ಹೆಡ್‌ಫೋನುಗಳನ್ನು ಜೇಬಿನ ಪ್ಲೇಯರಿಗೆ ಜೋಡಿಸತೊಡಗಿದರು. ಐಪಾಡಿನ ತಯಾರಿಕೆ 2022ರಲ್ಲಿ ನಿಂತಿತು. ಅದರ ಸ್ಥಾನದಲ್ಲಿ ಮೊಬೈಲ್ ಫೋನ್ ಕುಳಿತಿದೆ. 3.5 ಮಿಲಿಮೀಟರಿನ ಪಿನ್ ರಂಧ್ರದೊಳಕ್ಕೆ ಹೋಗುತ್ತದೆ ಎಂದಮಾತ್ರಕ್ಕೆ ಜೋಡಿ ಕೂಡಿತು ಎಂಬ ಭ್ರಮೆ ಮಾತ್ರ ಹಾಗೆಯೇ ಉಳಿದಿದೆ.

ಪೆಟ್ಟಿಗೆಯ ಮೇಲಿನ ಎರಡು ಅಂಕಿಗಳು

ಪ್ರತಿಯೊಂದು ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಹತ್ತಾರು ಅಂಕಿಗಳಿರುತ್ತವೆ. ಗ್ರಾಹಕರು ಸಾಮಾನ್ಯವಾಗಿ ಓದುವುದು ಹರ್ಟ್ಸ್‌ನಲ್ಲಿ ಕೊಟ್ಟ ಕಂಪನಾಂಕದ ವ್ಯಾಪ್ತಿಯನ್ನು. ಅಳತೆಯಲ್ಲಿ ಎಷ್ಟು ಡೆಸಿಬೆಲ್ ಏರುಪೇರನ್ನು ಒಪ್ಪಿಕೊಳ್ಳಲಾಗಿದೆ ಎಂಬುದನ್ನು ಹೇಳದೆ ಕೊಡುವ ಆ ವ್ಯಾಪ್ತಿಯಿಂದ ಧ್ವನಿಗುಣದ ಬಗ್ಗೆ ತಿಳಿಯುವುದು ಏನೂ ಇಲ್ಲ. ಓದಬೇಕಾದ ಅಂಕಿಗಳು ಎರಡೇ. ಒಂದು ಇಂಪೆಡೆನ್ಸ್, ಅಂದರೆ ವಿದ್ಯುತ್ತಿನ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ. ಇದನ್ನು ಓಮ್‌ಗಳಲ್ಲಿ ಕೊಟ್ಟಿರುತ್ತಾರೆ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ತಿಗೆ ಇಷ್ಟು ಧ್ವನಿ ಎಂಬ ಸೂಕ್ಷ್ಮತೆ. ಇದು ಡೆಸಿಬೆಲ್‌ಗಳಲ್ಲಿ ಇರುತ್ತದೆ.

ಇವೆರಡರ ಪರಿಣಾಮವನ್ನು ತಿಳಿಯಲು ಬೇಯರ್‌ಡೈನಾಮಿಕ್ ಸಂಸ್ಥೆಯದೇ ಡಿಟಿ 770 ಪ್ರೊ ಎಂಬ ಮಾದರಿ ಒಳ್ಳೆಯ ನಿದರ್ಶನ. ಇದು 32, 80 ಮತ್ತು 250 ಓಮ್‌ಗಳ ಮೂರು ಬಗೆಗಳಲ್ಲಿ ಮಾರುಕಟ್ಟೆಗೆ ಬಂದಿದೆ. ಹೊರನೋಟಕ್ಕೆ ಮೂರೂ ಹೆಚ್ಚುಕಡಿಮೆ ಒಂದೇ. ಸೂಕ್ಷ್ಮತೆಯೂ ಒಂದು ಮಿಲಿವ್ಯಾಟಿಗೆ 96 ಡೆಸಿಬೆಲ್ ಎಂದು ಒಂದೇ. ಈಗ ಪ್ಲೇಯರಿನ ಕಡೆ ನೋಡಬೇಕು. ಹೆಡ್‌ಫೋನ್ ರಂಧ್ರವುಳ್ಳ ಬಹುಪಾಲು ಮೊಬೈಲುಗಳು ವಾಲ್ಯೂಮನ್ನು ಪೂರ್ತಿ ಏರಿಸಿದಾಗ ಸುಮಾರು ಅರ್ಧ ವೋಲ್ಟ್‌ನಿಂದ ಒಂದು ವೋಲ್ಟ್‌ವರೆಗೆ ಕೊಡುತ್ತವೆ. ಅರ್ಧ ವೋಲ್ಟ್ ಎಂದು ಹಿಡಿಯೋಣ. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ವ್ಯಾಟ್ ದೊರೆಯುತ್ತದೆ ಎಂಬುದು ಪ್ರೌಢಶಾಲೆಯ ಪಾಠ. 0.25ನ್ನು 250ರಿಂದ ಭಾಗಿಸಿದರೆ ಸರಿಯಾಗಿ ಒಂದು ಮಿಲಿವ್ಯಾಟ್. ಅಂದರೆ 250 ಓಮ್‌ನ ಹೆಡ್‌ಫೋನ್ ಆ ಮೊಬೈಲಿನಿಂದ ಗರಿಷ್ಠ 96 ಡೆಸಿಬೆಲ್ ಧ್ವನಿ ಕೊಟ್ಟೀತು. 80 ಓಮ್‌ನದಕ್ಕೆ ಮೂರು ಮಿಲಿವ್ಯಾಟಿಗೆ ತುಸು ಮಿಕ್ಕಿ ದೊರೆಯುವುದರಿಂದ ಸುಮಾರು 101 ಡೆಸಿಬೆಲ್. 32 ಓಮ್‌ನದಕ್ಕೆ ಎಂಟು ಮಿಲಿವ್ಯಾಟಿನ ಸಮೀಪ, ಸುಮಾರು 105 ಡೆಸಿಬೆಲ್. ಒಂದೇ ಹೆಸರು, ಒಂದೇ ರೂಪ, ಒಂದೇ ಮೊಬೈಲ್. ಆದರೂ ಒಂಬತ್ತು ಡೆಸಿಬೆಲ್‌ಗಳ ಅಂತರ. ಗೋದಾಮಿನಿಂದ ಪೆಟ್ಟಿಗೆ ತೆಗೆಯುವ ಹುಡುಗನಿಗೆ ಈ ಓಮ್ ಸಂಖ್ಯೆಯನ್ನು ನೋಡುವ ಅಭ್ಯಾಸ ಇಲ್ಲದಿದ್ದರೆ, ತಪ್ಪು ಮಾರಾಟ ಅಲ್ಲಿಂದಲೇ ಪ್ರಾರಂಭವಾಗುತ್ತದೆ.

ಅಂಕಿಗಳನ್ನು ಹೋಲಿಸುವಾಗ ಇನ್ನೊಂದು ಎಡವುಗಲ್ಲು ಇದೆ. ಕೆಲವು ತಯಾರಕರು ಸೂಕ್ಷ್ಮತೆಯನ್ನು ಒಂದು ಮಿಲಿವ್ಯಾಟಿಗೆ ಎಂದು ಕೊಟ್ಟರೆ ಕೆಲವರು ಒಂದು ವೋಲ್ಟಿಗೆ ಎಂದು ಕೊಡುತ್ತಾರೆ. 1997ರಲ್ಲಿ ಬಂದು ಇಂದಿಗೂ ಹೆಸರುಳಿಸಿಕೊಂಡಿರುವ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿನ ಇಂಪೆಡೆನ್ಸ್ 300 ಓಮ್, ಸೂಕ್ಷ್ಮತೆ ಒಂದು ವೋಲ್ಟಿಗೆ 97 ಡೆಸಿಬೆಲ್. ಡಿಟಿ 770ರ 96ಕ್ಕಿಂತ ಈ 97 ಹೆಚ್ಚೆಂದು ತೋರುತ್ತದೆ. ಆದರೆ ಅರ್ಧ ವೋಲ್ಟ್ ಮೊಬೈಲಿನಿಂದ ಇದಕ್ಕೆ ದೊರೆಯುವುದು 91 ಡೆಸಿಬೆಲ್ ಮಾತ್ರ. ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೆಲೆ ಕಟ್ಟಿದಂತಾಗುತ್ತದೆ, ಆಧಾರವನ್ನು ನೋಡದೆ ಈ ಅಂಕಿಗಳನ್ನು ಹೋಲಿಸಿದರೆ.

ಯುರೋಪಿನ ಮಾರುಕಟ್ಟೆಗೆಂದು ತಯಾರಾದ ಪ್ಲೇಯರುಗಳ ವಿಷಯ ಪ್ರತ್ಯೇಕ. ಕಿವಿಯ ರಕ್ಷಣೆಗಾಗಿ ಅಲ್ಲಿ ರೂಪಿಸಿದ ಇಎನ್ 50332 ಮಾನಕವು, ಯಾವ ಹೆಡ್‌ಫೋನ್ ಜೋಡಿಸುತ್ತಾರೆಂದು ಗೊತ್ತಿಲ್ಲದ ಪ್ಲೇಯರಿನ ಉತ್ಪಾದನೆಯನ್ನು 150 ಮಿಲಿವೋಲ್ಟ್‌ಗೆ ಮಿತಗೊಳಿಸಿತು. 250 ಓಮ್‌ನ ಡಿಟಿ 770 ಅದರಿಂದ 86 ಡೆಸಿಬೆಲ್ಲನ್ನೂ ಮುಟ್ಟುವುದಿಲ್ಲ. ಆಪಲ್ ಸಂಸ್ಥೆಯ ಟೈಪ್-ಸಿ ಅಡಾಪ್ಟರ್ ಕೂಡ ಅಮೆರಿಕದ ಆವೃತ್ತಿಯಲ್ಲಿ ಸುಮಾರು ಒಂದು ವೋಲ್ಟ್, ಯುರೋಪಿನ ಆವೃತ್ತಿಯಲ್ಲಿ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. ವಿದೇಶದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಉಪಕರಣವನ್ನು ಹಿಡಿದು ಬರುವ ಗ್ರಾಹಕರು ಬೆಂಗಳೂರಿನಂಥ ಊರಿನಲ್ಲಿ ಅಪರೂಪವಲ್ಲ. ಅದು ಯಾವ ದೇಶದ್ದೆಂದು ವಿಚಾರಿಸುವುದು ಒಳ್ಳೆಯದು.

ಚಿತ್ರಗೀತೆಗೆ ಸಾಲುವುದು ಕಚೇರಿಗೆ ಸಾಲದು

96 ಡೆಸಿಬೆಲ್ ಎಂದರೆ ಸಾಕಷ್ಟು ಗಟ್ಟಿ ಧ್ವನಿಯಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಅಷ್ಟೇ ಮಟ್ಟದ ಧ್ವನಿ ಒಂದೇ ಸಮನೆ ಬಂದರೆ ಹೌದು. ಆದರೆ ಸಂಗೀತ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮೇಲೆ ಹೇಳಿದ ಅಂಕಿ ಅತಿ ಎತ್ತರದ ಕ್ಷಣಕ್ಕೆ, ಅಂದರೆ ಮೃದಂಗದ ಮೇಲೆ ಬೀಳುವ ಒಂದು ಗಟ್ಟಿ ಪೆಟ್ಟಿಗೆ, ಸಂಬಂಧಿಸಿದ್ದು. ಧ್ವನಿಯನ್ನು ಹೆಚ್ಚು ಒತ್ತರಿಸದೆ ಮುದ್ರಿಸಿದ ಕಚೇರಿಯಲ್ಲಿ ಆ ಪೆಟ್ಟಿಗೂ ಸರಾಸರಿ ಮಟ್ಟಕ್ಕೂ 15ರಿಂದ 20 ಡೆಸಿಬೆಲ್ ಅಂತರವಿರಬಹುದು. ಪೆಟ್ಟು ಒಡೆಯದೆ ಬರಬೇಕಾದರೆ ಸರಾಸರಿಯು 76ರಿಂದ 81ರಲ್ಲೇ ನಿಲ್ಲಬೇಕಾಗುತ್ತದೆ. ಎಚ್‌ಡಿ 600 ಆದರೆ ಇನ್ನೂ ಐದು ಕೆಳಗೆ. ವೀಣೆಯ ಆಲಾಪನೆಯ ಮೆಲುದನಿಗಳು ಈ ಸರಾಸರಿಗಿಂತಲೂ ಎಷ್ಟೋ ಕೆಳಗಿರುವುದರಿಂದ ಅವು ಕ್ಷೀಣವಾಗಿ ಕೇಳಿಸುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ ಇತ್ತೀಚಿನ ಚಿತ್ರಗೀತೆಗಳನ್ನು, ಎಲ್ಲ ಭಾಗವೂ ಒಂದೇ ಸಮನೆ ಗಟ್ಟಿಯಾಗಿ ಕೇಳಿಸುವಂತೆ ಒತ್ತರಿಸಿಯೇ ಮುದ್ರಿಸುತ್ತಾರೆ. ಅವುಗಳ ಸರಾಸರಿ ಮಟ್ಟ ಶಿಖರಕ್ಕೆ ಬಹಳ ಹತ್ತಿರ. ಅದೇ ಮೊಬೈಲ್, ಅದೇ ಹೆಡ್‌ಫೋನಿನಲ್ಲಿ ಚಿತ್ರಗೀತೆ ಕಿವಿ ತುಂಬುತ್ತದೆ.

ಆದುದರಿಂದ ಅಂಗಡಿಯಲ್ಲಿ ಚಿತ್ರಗೀತೆಯನ್ನೇ ಹಾಕಿ ತೋರಿಸಿದ ಜೋಡಿಯೊಂದು, ಮನೆಯಲ್ಲಿ ಹಳೆಯ ಕಚೇರಿಯ ಧ್ವನಿಮುದ್ರಣ ಕೇಳುವ ಹಿರಿಯರಿಗೆ ನಿರಾಶೆ ತರಬಹುದು. ಅವರ ದೂರೂ "ಧ್ವನಿ ಕಡಿಮೆ" ಎಂಬ ರೂಪದಲ್ಲಿ ಬರುವುದು ಕಡಿಮೆ. "ತೆಳ್ಳಗೆ ಕೇಳಿಸುತ್ತದೆ, ಬೇಸ್ ಇಲ್ಲ" ಎಂಬ ರೂಪದಲ್ಲಿಯೇ ಹೆಚ್ಚು. ಇದಕ್ಕೆ ಕಾರಣ ಕಿವಿಯ ಸ್ವಭಾವ. ಧ್ವನಿಯ ಮಟ್ಟ ಇಳಿದಂತೆ ಮಂದ್ರದ ಸ್ವರಗಳು ಮಧ್ಯದ ಸ್ವರಗಳಿಗಿಂತ ಬೇಗನೆ ಕಿವಿಯಿಂದ ಜಾರಿಹೋಗುತ್ತವೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದರು. ಹೆಡ್‌ಫೋನಿನ ಬೇಸ್ ಎಲ್ಲಿಯೂ ಹೋಗಿರುವುದಿಲ್ಲ. ಅದು ಕಿವಿಗೆ ನಿಲುಕುವ ಮಟ್ಟಕ್ಕೆ ಪ್ಲೇಯರ್ ಅದನ್ನು ಎತ್ತಿರುವುದಿಲ್ಲ.

ಅಂಗಡಿಯ ರಿಸೀವರ್ ಮಾಡುವ ಮೋಸ

ಬೇಸ್ ಕುರಿತ ದೂರಿಗೆ ಇನ್ನೊಂದು ಕಾರಣವೂ ಉಂಟು. ವರ್ತಕರಲ್ಲಿ ಬಹಳ ಮಂದಿ ಇದನ್ನು ಗಮನಿಸಿದಂತಿಲ್ಲ. ಹೆಡ್‌ಫೋನಿಗೆ ಇರುವಂತೆ ಪ್ಲೇಯರಿನ ರಂಧ್ರಕ್ಕೂ ತನ್ನದೇ ಆದ ತಡೆ ಇದೆ. ಇಂದಿನ ಮೊಬೈಲುಗಳಲ್ಲಿ ಅದು ಸಾಮಾನ್ಯವಾಗಿ ಕೆಲವೇ ಓಮ್. ಮನೆಯ ಥಿಯೇಟರ್ ರಿಸೀವರುಗಳಲ್ಲಿಯೂ ಹಳೆಯ ಸ್ಟೀರಿಯೋ ಆಂಪ್ಲಿಫೈಯರುಗಳಲ್ಲಿಯೂ ಸ್ಪೀಕರಿನ ವಿದ್ಯುತ್ತನ್ನೇ ಒಂದು ರೆಸಿಸ್ಟರಿನ ಮೂಲಕ ಹೆಡ್‌ಫೋನಿಗೆ ಕೊಡುವ ರೂಢಿ ಇದ್ದುದರಿಂದ ಅಲ್ಲಿ ಈ ತಡೆ ನೂರು ಓಮ್ ಮೀರುವುದೂ ಉಂಟು. ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನಕವು 1996ರಲ್ಲಿ ಶಿಫಾರಸು ಮಾಡಿದ್ದೇ 120 ಓಮ್.

ಹೆಡ್‌ಫೋನಿನ ಓಮ್ ಎಲ್ಲ ಸ್ವರಗಳಲ್ಲಿಯೂ ಒಂದೇ ಆಗಿದ್ದರೆ ಇದರಿಂದ ಧ್ವನಿ ತಗ್ಗುವುದೇ ಹೊರತು ಬೇರೆ ಬದಲಾವಣೆ ಆಗುತ್ತಿರಲಿಲ್ಲ. ಆದರೆ ಸಾಮಾನ್ಯ ಡೈನಾಮಿಕ್ ಹೆಡ್‌ಫೋನಿನಲ್ಲಿ ಮಂದ್ರದ ಒಂದು ಜಾಗದಲ್ಲಿ ತಡೆ ಏರುತ್ತದೆ. ಎಚ್‌ಡಿ 600ರಲ್ಲಿ ನೂರು ಹರ್ಟ್ಸ್ ಆಸುಪಾಸಿನಲ್ಲಿ ಅದು 500 ಓಮ್ ದಾಟುತ್ತದೆ. 120 ಓಮ್‌ನ ಮೂಲಕ್ಕೆ ಜೋಡಿಸಿದಾಗ ಆ ಜಾಗದಲ್ಲಿ ಧ್ವನಿ ಮಿಕ್ಕ ಸ್ವರಗಳಿಗಿಂತ ಸುಮಾರು ಒಂದು ಡೆಸಿಬೆಲ್ ಉಬ್ಬುತ್ತದೆ. ಅದು ಅಷ್ಟೇನೂ ಹೆಚ್ಚಲ್ಲ. 32 ಓಮ್‌ನ ಹೆಡ್‌ಫೋನ್ ಒಂದರ ತಡೆ ಮಂದ್ರದಲ್ಲಿ 60 ಓಮ್‌ಗೆ ಏರುತ್ತದೆ ಎಂದಿಟ್ಟುಕೊಂಡರೆ, ಅದೇ ಮೂಲದಿಂದ ಉಬ್ಬು ನಾಲ್ಕು ಡೆಸಿಬೆಲ್ ಆಗುತ್ತದೆ. ಎಂಥ ಕಿವಿಗೂ ಕೇಳಿಸುವ ವ್ಯತ್ಯಾಸವಿದು. ಅಂಗಡಿಯ ರಿಸೀವರಿನಲ್ಲಿ ಗ್ರಾಹಕ ಮೆಚ್ಚಿದ "ತುಂಬು ಧ್ವನಿ" ಹೆಡ್‌ಫೋನಿನದಲ್ಲ, ರಿಸೀವರಿನ ರೆಸಿಸ್ಟರಿನದು. ಮೊಬೈಲಿಗೆ ಜೋಡಿಸಿದ ಕೂಡಲೇ ಅದು ಮಾಯವಾಗುತ್ತದೆ. ಇಂಥಲ್ಲಿ ವಾಸ್ತವವಾಗಿ ಸರಿಯಾದ ಧ್ವನಿ ಕೊಡುತ್ತಿರುವುದು ಮೊಬೈಲೇ. ಆದರೆ ಮೂರನೆಯ ದಿನ ಪೆಟ್ಟಿಗೆ ಹಿಡಿದು ನಿಂತ ಗ್ರಾಹಕನಿಗೆ ಆ ಮಾತು ರುಚಿಸುವುದಿಲ್ಲ.

ಪ್ಲೇಯರಿನ ತಡೆಯು ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರದಿದ್ದರೆ ಇಂಥ ಏರುಪೇರು ಗಣನೆಗೆ ಬಾರದು ಎಂಬುದು ಬಲ್ಲವರು ಪಾಲಿಸುವ ಸ್ಥೂಲ ನಿಯಮ. 32 ಓಮ್‌ನ ಹೆಡ್‌ಫೋನಿಗೆ 4 ಓಮ್. ಪ್ಲೇನರ್ ಮ್ಯಾಗ್ನೆಟಿಕ್ ಬಗೆಯ ಹೆಡ್‌ಫೋನುಗಳ ತಡೆ ಎಲ್ಲ ಸ್ವರಗಳಲ್ಲಿಯೂ ಬಹುತೇಕ ಸಮವಾಗಿರುವುದರಿಂದ ಅವುಗಳಿಗೆ ಈ ದೋಷ ತಟ್ಟುವುದಿಲ್ಲ. ಆದರೆ ಅವುಗಳಲ್ಲಿ ಅನೇಕವು ಓಮ್ ಕಡಿಮೆ ಇದ್ದರೂ ಸೂಕ್ಷ್ಮತೆಯೂ ಕಡಿಮೆ ಇರುವಂಥವು. "ಓಮ್ ಕಡಿಮೆ, ಆದುದರಿಂದ ಮೊಬೈಲಿಗೆ ಸರಿ" ಎಂದು ಸೇಲ್ಸ್‌ಮನ್ ಹೇಳುವ ಸಿದ್ಧವಾಕ್ಯ ಅಲ್ಲಿ ಕೈಕೊಡುತ್ತದೆ.

ಹಳೆಯ ಪ್ಲೇಯರುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ವಿಚಿತ್ರವೊಂದಿತ್ತು. ಅವುಗಳ ಹೊರದಾರಿಯಲ್ಲಿ ಕೆಪಾಸಿಟರ್ ಒಂದನ್ನು ಕೂರಿಸುತ್ತಿದ್ದರು. ಅದು 100 ಮೈಕ್ರೋಫ್ಯಾರಡ್‌ನದಾದರೆ 32 ಓಮ್‌ನ ಹೆಡ್‌ಫೋನಿನಲ್ಲಿ 50 ಹರ್ಟ್ಸ್‌ನಿಂದಲೇ ಮಂದ್ರ ಇಳಿಯತೊಡಗುತ್ತದೆ. 300 ಓಮ್‌ನದರಲ್ಲಿ 5 ಹರ್ಟ್ಸ್‌ವರೆಗೂ ಇಳಿಯುವುದಿಲ್ಲ. ಅಂಥ ಪ್ಲೇಯರಿನಲ್ಲಿ ಹೆಚ್ಚು ಓಮ್‌ನ ದೊಡ್ಡ ಹೆಡ್‌ಫೋನು ಧ್ವನಿ ಕಡಿಮೆಯಾದರೂ ಮಂದ್ರವನ್ನು ಪೂರ್ತಿಯಾಗಿ ಕೊಡುತ್ತಿತ್ತು. ಹಳೆಯ ಪ್ಲೇಯರನ್ನು ಇಂದಿಗೂ ಜೋಪಾನ ಮಾಡಿಕೊಂಡಿರುವ ಹವ್ಯಾಸಿಗಳು ತಮ್ಮ ಅನುಭವವೇ ಬೇರೆ ಎಂದು ವಾದಿಸಿದರೆ ಅವರನ್ನು ಅಲ್ಲಗಳೆಯಬೇಕಾಗಿಲ್ಲ.

ಸಮತೂಕದಲ್ಲಿ ಕೇಳುವುದು

ಇಷ್ಟು ಲೆಕ್ಕ ಕೂಡಿಬಂದ ಮೇಲೆ ಕಿವಿಯ ಸರದಿ. ಇಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಧ್ವನಿಯ ಮಟ್ಟದ್ದೇ. ಒಂದೇ ಹಾಡನ್ನು ಒಂದು ಡೆಸಿಬೆಲ್ ಹೆಚ್ಚಿಸಿ ಕೇಳಿಸಿದರೆ ಕೇಳುಗ "ಇದು ಗಟ್ಟಿ" ಎನ್ನುವುದಿಲ್ಲ, "ಇದು ಸ್ಪಷ್ಟ, ಇದರಲ್ಲಿ ಜೀವ ಇದೆ" ಎನ್ನುತ್ತಾನೆ. ಸೂಕ್ಷ್ಮತೆ ಹೆಚ್ಚಿರುವ ಹೆಡ್‌ಫೋನ್, ವೋಲ್ಟೇಜ್ ಹೆಚ್ಚಿರುವ ಪ್ಲೇಯರ್ ಪ್ರತಿಯೊಂದು ಹೋಲಿಕೆಯಲ್ಲಿಯೂ ಅನ್ಯಾಯವಾಗಿ ಗೆಲ್ಲುವುದು ಹೀಗೆ.

ಎರಡು ಪ್ಲೇಯರುಗಳನ್ನು ಒಂದೇ ಹೆಡ್‌ಫೋನಿನಲ್ಲಿ ಹೋಲಿಸುವಾಗ ಮಟ್ಟವನ್ನು ಸರಿದೂಗಿಸುವುದು ಸುಲಭ. 100 ಹರ್ಟ್ಸ್‌ನ ಒಂದೇ ಸ್ವರದ ಫೈಲನ್ನು ಎರಡರಲ್ಲಿಯೂ ನುಡಿಸಿ, ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲಿಯೇ ಕವಲು ತಂತಿಯೊಂದರ ಮೂಲಕ ಎಸಿ ವೋಲ್ಟೇಜನ್ನು ಸಾಮಾನ್ಯ ಮಲ್ಟಿಮೀಟರಿನಲ್ಲಿ ಅಳೆದರೆ ಸಾಕು. ವೋಲ್ಟೇಜಿನಲ್ಲಿ ಶೇಕಡಾ 12ರ ವ್ಯತ್ಯಾಸ ಒಂದು ಡೆಸಿಬೆಲ್ಲಿಗೆ ಸಮ. ಶೇಕಡಾ ಒಂದೆರಡರ ಒಳಗೆ ತಂದರೆ ಹೋಲಿಕೆ ನ್ಯಾಯವಾಗಿರುತ್ತದೆ. ಹೀಗೆ ಸರಿದೂಗಿಸಿ, ಯಾವುದು ನುಡಿಯುತ್ತಿದೆ ಎಂದು ಕೇಳುಗನಿಗೆ ತಿಳಿಸದೆ ಕೇಳಿಸಿದಾಗ, ಸಾಮರ್ಥ್ಯ ಸಾಕಷ್ಟಿರುವ ಎರಡು ಪ್ಲೇಯರುಗಳ ನಡುವೆ ಅಗಾಧವೆಂದು ತೋರಿದ್ದ ವ್ಯತ್ಯಾಸ ಎಷ್ಟೋ ಸಲ ಇಲ್ಲವಾಗಿಬಿಡುತ್ತದೆ. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಮೀಟರಿನ ಈ ಉಪಾಯ ನಡೆಯದು. ಮಾತಿನ ಧ್ವನಿಮುದ್ರಣವೊಂದನ್ನು, ಉದಾಹರಣೆಗೆ ಆಕಾಶವಾಣಿಯ ವಾರ್ತೆಯನ್ನು, ಎರಡರಲ್ಲಿಯೂ ಸಮವಾಗಿ ಕೇಳಿಸುವವರೆಗೆ ಹೊಂದಿಸಿಕೊಂಡು, ಆಮೇಲೆ ಸಂಗೀತಕ್ಕೆ ಹೋಗುವುದು ಕೈಲಾಗುವ ಮಾರ್ಗ. ಸ್ಟ್ರೀಮಿಂಗ್ ಆಪ್‌ಗಳಲ್ಲಿ ಈಕ್ವಲೈಸರ್, ಧ್ವನಿಯನ್ನು "ಉತ್ತಮಪಡಿಸುವ" ಸೌಲಭ್ಯ, ಡಾಟಾ ಉಳಿತಾಯ ಎಂಬಿವನ್ನು ಮೊದಲೇ ಆರಿಸಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಯಾವ ಸಂಗೀತವನ್ನು ಕೇಳಿಸಬೇಕು? ಗ್ರಾಹಕ ಕಂಠಪಾಠವಾಗಿ ಬಲ್ಲದ್ದನ್ನು. ಅದಲ್ಲದೆ ಅಂಗಡಿಯಲ್ಲಿ ಇಟ್ಟುಕೊಳ್ಳಲು ಕರ್ನಾಟಕ ಸಂಗೀತದ ಧ್ವನಿಮುದ್ರಣ ವಿದೇಶೀ ಡೆಮೊ ಡಿಸ್ಕುಗಳಿಗಿಂತ ಏನೂ ಕಡಿಮೆಯಿಲ್ಲ. ತಂಬೂರಿಯ ನಾದದಲ್ಲಿ ಮೂಲಸ್ವರದ ಮೇಲೆ ಪದರ ಪದರವಾಗಿ ಏಳುವ ಉಪಸ್ವರಗಳು ಬೆರೆತು ಮಬ್ಬಾದರೆ ತಾರದ ಭಾಗದಲ್ಲಿ ಕೊರತೆ ಇದೆ ಎಂದು ತಿಳಿಯಬಹುದು. ಜೇನುನೊಣದ ಝೇಂಕಾರದಂತೆ ಕಿವಿಗೆ ಚುಚ್ಚಿದರೆ ಅತಿರೇಕವಿದೆ. ಮೃದಂಗದ ಎಡದ ಮುಖದ ಗುಮಕಿ ಮೊಳಗಿ ತಟ್ಟನೆ ನಿಲ್ಲಬೇಕು, ಬಲದ ಮುಖದ ಚಾಪು ಬೇರೆಯಾಗಿ ಕೇಳಿಸಬೇಕು; ಎಡದ ಮೊಳಗು ಬಲದ ನುಡಿಕಾರವನ್ನು ಮುಚ್ಚಿದರೆ ಅದು ಒಳ್ಳೆಯ ಬೇಸ್ ಅಲ್ಲ, ಹೆಚ್ಚಾದ ಬೇಸ್. ಗಾಯಕಿಯ ಕಂಠ ಮೂಗಿನಿಂದ ಬಂದಂತಾದರೆ ಮಧ್ಯಭಾಗದಲ್ಲಿ ಉಬ್ಬಿದೆ.

ಅಂಗಡಿಯ ಸ್ಥಳವೂ ತೀರ್ಪನ್ನು ತಿರುಚುತ್ತದೆ. ಎಸ್.ಪಿ. ರಸ್ತೆಯಂಥ ಜನನಿಬಿಡ ಪೇಟೆಯ ಗದ್ದಲದಲ್ಲಿ ಹಿಂಬದಿ ತೆರೆದ ಹೆಡ್‌ಫೋನನ್ನು ತೋರಿಸಿದರೆ ಎಷ್ಟೇ ಉತ್ತಮವಾದದ್ದೂ ಸೋಲುತ್ತದೆ. ಹೊರಗಿನ ಸದ್ದು ಮಂದ್ರವನ್ನೇ ಮೊದಲು ನುಂಗುತ್ತದೆ. ಹಿಂಬದಿ ಮುಚ್ಚಿದ್ದು ಅಲ್ಲಿ ಗೆಲ್ಲುವುದು ಧ್ವನಿಗುಣದಿಂದಲ್ಲ, ಗೋಡೆಯಂತೆ ಅಡ್ಡ ನಿಲ್ಲುವುದರಿಂದ. ರಾತ್ರಿ ಮನೆಯಲ್ಲಿ ಒಬ್ಬನೇ ಕುಳಿತು ಕೇಳುವವನಿಗೆ ತೆರೆದದ್ದು, ಮೆಟ್ರೋದಲ್ಲಿ ಓಡಾಡುವವನಿಗೆ ಮುಚ್ಚಿದ್ದು. ಇದನ್ನು ಕೇಳಿ ತಿಳಿದುಕೊಳ್ಳದೆ ಹೆಡ್‌ಫೋನನ್ನು ಕೈಗೆ ಕೊಡುವುದು ವ್ಯರ್ಥ. ಕನ್ನಡಕದ ಕಾಲು, ದಪ್ಪ ಜಡೆ, ಕಿವಿಯ ಜುಮುಕಿ ಇವು ಕಿವಿಮೆತ್ತೆಗೂ ಕೆನ್ನೆಗೂ ನಡುವೆ ಸಂದು ಮಾಡಿದರೆ ಮುಚ್ಚಿದ ಹೆಡ್‌ಫೋನಿನ ಮಂದ್ರ ಸೋರಿಹೋಗುತ್ತದೆ. ಒಂದೇ ಹೆಡ್‌ಫೋನನ್ನು ಗಂಡ ಹೊಗಳಿ ಹೆಂಡತಿ ತೆಗಳಿದರೆ ಅಭಿರುಚಿಯ ಭೇದವೆಂದು ತಿಳಿಯುವ ಮುನ್ನ ಜುಮುಕಿಯ ಕಡೆ ನೋಡುವುದು ಲೇಸು.

ಬೆಲೆ ಮತ್ತು ಗುಣ

ಹೆಚ್ಚು ಬೆಲೆಯದಕ್ಕೆ ಹೆಚ್ಚು ಒಳ್ಳೆಯ ಧ್ವನಿ ಎಂಬ ಮಾತನ್ನು ಮಾರಾಟದ ಕೊನೆಯ ಅಸ್ತ್ರವಾಗಿ ಬಳಸುವವರುಂಟು. 2017ರಲ್ಲಿ ಜೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಮಾಪನಗಳನ್ನು ಪರಿಶೀಲಿಸಿ, ಚಿಲ್ಲರೆ ಬೆಲೆಗೂ ಕಂಪನಾಂಕದ ನಡವಳಿಕೆಗೂ ಸಂಬಂಧವಿಲ್ಲವೆಂದು ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು. ಇನ್ನೊಂದೆಡೆ ಹಾರ್ಮನ್ ಸಂಸ್ಥೆಯ ಸೀನ್ ಆಲಿವ್ ಮತ್ತು ಸಂಗಡಿಗರು ಅಮೆರಿಕ, ಕೆನಡಾ, ಜರ್ಮನಿ ಮತ್ತು ಚೀನಾದ ಕೇಳುಗರ ಮೇಲೆ ಪ್ರಯೋಗ ನಡೆಸಿ, ಹೆಸರು ಮತ್ತು ರೂಪವನ್ನು ಮರೆಮಾಡಿದಾಗ ಜನರ ಮೆಚ್ಚುಗೆಯಲ್ಲಿ ದೇಶಭೇದಕ್ಕಿಂತ ಸಾಮ್ಯವೇ ಹೆಚ್ಚೆಂದು ಕಂಡರು. ದುಬಾರಿ ಹೆಡ್‌ಫೋನಿನಲ್ಲಿ ಕಟ್ಟಡ ಗಟ್ಟಿಯಿರಬಹುದು, ಬಿಡಿಭಾಗ ಸಿಗಬಹುದು, ತಲೆಗೆ ಹಗುರವಾಗಿರಬಹುದು. ಅವೂ ಹಣ ತೆರಲು ಯೋಗ್ಯವಾದ ಗುಣಗಳೇ. ಆದರೆ ಧ್ವನಿಯ ಹೆಸರಿನಲ್ಲಿ ಅವನ್ನು ಮಾರಬಾರದು. ನೂರು ಗಂಟೆ ನುಡಿಸಿದ ಮೇಲೆ ಧ್ವನಿ "ಬಿಚ್ಚಿಕೊಳ್ಳುತ್ತದೆ" ಎಂದು ಹೇಳಿ ಗ್ರಾಹಕನನ್ನು ಕಳುಹಿಸುವುದೂ ಇಂಥದೇ. ಮೆತ್ತೆ ಒತ್ತಿಕೊಂಡು ಕೂರುವ ಬಗೆ ತುಸು ಬದಲಾಗುತ್ತದೆ, ಕಿವಿ ಒಗ್ಗಿಕೊಳ್ಳುತ್ತದೆ. ಸಾಲದ ವೋಲ್ಟೇಜ್ ನೂರು ಗಂಟೆಯ ನಂತರವೂ ಸಾಲದು.

ತಂತಿ ಇಲ್ಲದವು, ಟೈಪ್-ಸಿ ಅಡಾಪ್ಟರುಗಳು

2016ರಲ್ಲಿ ಐಫೋನ್ 7ರಿಂದ 3.5 ಮಿಲಿಮೀಟರಿನ ರಂಧ್ರ ಮರೆಯಾದ ಮೇಲೆ ಇತರ ತಯಾರಕರಲ್ಲಿಯೂ ಬಹಳ ಮಂದಿ ಅದೇ ದಾರಿ ಹಿಡಿದರು. ಬ್ಲೂಟೂತ್ ಹೆಡ್‌ಫೋನಿನ ಒಳಗೇ ಆಂಪ್ಲಿಫೈಯರ್ ಇರುವುದರಿಂದ ಓಮ್, ವೋಲ್ಟುಗಳ ಗೊಂದಲ ಅಲ್ಲಿಲ್ಲ. ತಯಾರಕನೇ ಜೋಡಿ ಕೂಡಿಸಿದ್ದಾನೆ, ವಾಕ್‌ಮನ್ನಿನ ಕಾಲಕ್ಕೆ ಮರಳಿದಂತೆಯೇ. ಅದರ ಬದಲು ನೋಡಬೇಕಾದದ್ದು ಫೋನೂ ಹೆಡ್‌ಫೋನೂ ಯಾವ ಕೋಡೆಕ್‌ನಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದನ್ನು. ಹೆಡ್‌ಫೋನ್ ಎಲ್‌ಡಿಎಸಿ ಬಲ್ಲದ್ದಾದರೂ ಫೋನ್ ಬಲ್ಲದಿದ್ದರೆ ಇಬ್ಬರಿಗೂ ತಿಳಿದಿರುವ ಎಸ್‌ಬಿಸಿ ಅಥವಾ ಎಎಸಿಯಲ್ಲಿ ಕೆಲಸ ಸಾಗುತ್ತದೆ, ಪೆಟ್ಟಿಗೆಯ ಮೇಲಿನ ಮುದ್ರೆಗೆ ಕೊಟ್ಟ ಹಣ ವ್ಯರ್ಥ.

ತಂತಿಯ ಹೆಡ್‌ಫೋನ್ ಬಿಡಲೊಲ್ಲದವರಿಗೆ ಟೈಪ್-ಸಿ ಅಡಾಪ್ಟರ್ ಬೇಕು. ಇದರಲ್ಲಿ ಎರಡು ಜಾತಿ. ಒಂದರೊಳಗೆ ಡಿಜಿಟಲ್ ಸಂಕೇತವನ್ನು ಧ್ವನಿಯಾಗಿ ಪರಿವರ್ತಿಸುವ ಚಿಪ್ ಮತ್ತು ಪುಟ್ಟ ಆಂಪ್ಲಿಫೈಯರ್ ಇರುತ್ತವೆ. ಇನ್ನೊಂದರಲ್ಲಿ ಬರಿಯ ತಂತಿ. ಎರಡನೆಯದು ಎಷ್ಟೋ ಫೋನುಗಳಲ್ಲಿ ನುಡಿಯುವುದೇ ಇಲ್ಲ. ಮೊದಲನೆಯ ಜಾತಿಯಲ್ಲಿ ಹೆಚ್ಚು ವೋಲ್ಟೇಜ್ ಕೊಡುವಂಥವು ವರ್ತಕನಿಗೆ ಒಳ್ಳೆಯ ಲಾಭದ ಸರಕು. 250 ಅಥವಾ 300 ಓಮ್‌ನ ಹೆಡ್‌ಫೋನ್ ಕೊಳ್ಳುವವನಿಗೆ ನಿಜವಾಗಿಯೂ ಅಗತ್ಯವಾದದ್ದು. 32 ಓಮ್, 100 ಡೆಸಿಬೆಲ್ ಹೆಡ್‌ಫೋನಿನವನಿಗೆ ಅದನ್ನು ಕಟ್ಟುವುದು ಬರಿಯ ವ್ಯಾಪಾರ.

ಬಿಲ್ಲಿನ ಮೇಲೆ ಏನಿರಬೇಕು

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದೋಷ ಎಂಬುದಕ್ಕೆ ಕೊಟ್ಟಿರುವ ಅರ್ಥವಿವರಣೆಯಲ್ಲಿ, ಸರಕಿನ ಬಗ್ಗೆ ವರ್ತಕನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದಿಂದ ಕೊರತೆಯಾಗುವುದೂ ಸೇರಿದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಕಾಣಿಸಿದ ಅವಧಿಯಲ್ಲಿ, ಅವಧಿ ಕಾಣಿಸದಿದ್ದರೆ 30 ದಿನಗಳಲ್ಲಿ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ. ಹೀಗಿರುವಾಗ "ನಿಮ್ಮ ಮೊಬೈಲಿನಲ್ಲಿ ಅದ್ಭುತವಾಗಿ ಬರುತ್ತದೆ, ನಾನಿದ್ದೇನೆ" ಎಂದು ಕೌಂಟರಿನಲ್ಲಿ ಹುಡುಗ ಆಡಿದ ಮಾತು ಬರಿಯ ಮಾತಾಗಿ ಉಳಿಯದಿರಬಹುದು. ಗ್ರಾಹಕನ ಸ್ವಂತ ಫೋನಿನಲ್ಲಿಯೇ, ಆತನದೇ ಧ್ವನಿಮುದ್ರಣದಲ್ಲಿ, ಶಾಂತವಾದ ಮೂಲೆಯೊಂದರಲ್ಲಿ ಕೇಳಿಸಿ, ಬಿಲ್ಲಿನ ಮೇಲೆ ಹೆಡ್‌ಫೋನಿನ ಓಮ್ ಸಂಖ್ಯೆಯನ್ನೂ ಕೇಳಿಸಿದ ಫೋನಿನ ಮಾದರಿಯನ್ನೂ ಒಂದು ಸಾಲಿನಲ್ಲಿ ಬರೆದು ಕೊಡುವುದಕ್ಕೆ ಹಿಡಿಯುವ ಕಾಲ ಎರಡು ನಿಮಿಷ.

ಪ್ರದರ್ಶನದ ವೇಳೆ ಒಂದು ಎಚ್ಚರಿಕೆ ತಪ್ಪದೆ ಬೇಕು. 250 ಓಮ್‌ನ ಹೆಡ್‌ಫೋನಿಗಾಗಿ ಏರಿಸಿದ ವಾಲ್ಯೂಮನ್ನು ಇಳಿಸದೆ 32 ಓಮ್‌ನದನ್ನು ಜೋಡಿಸಿದರೆ ಗ್ರಾಹಕನ ಕಿವಿಗೆ ಒಮ್ಮೆಗೇ ಒಂಬತ್ತು ಡೆಸಿಬೆಲ್ ಹೆಚ್ಚು ಅಪ್ಪಳಿಸುತ್ತದೆ. ಮೇಜಿನ ಆಂಪ್ಲಿಫೈಯರ್ ಆದರೆ ಕಿವಿಗೆ ಪೆಟ್ಟೇ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನಕದಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಮಿತಿ. ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಆ ಕಾಲ ಅರ್ಧಕ್ಕೆ ಇಳಿಯುತ್ತದೆ. ಇಡೀ ದಿನ ಕೌಂಟರಿನಲ್ಲಿ ನಿಂತು ಪ್ರತಿ ಹೆಡ್‌ಫೋನನ್ನೂ ತಾನೇ ಮೊದಲು ಕೇಳಿ ನೋಡುವ ನೌಕರನ ಕಿವಿಯೂ ಈ ಲೆಕ್ಕದೊಳಗೇ ಬರುತ್ತದೆ. ಹೆಡ್‌ಫೋನ್ ಬದಲಿಸುವ ಮುನ್ನ ಪ್ರತಿಸಲವೂ ವಾಲ್ಯೂಮನ್ನು ಸೊನ್ನೆಗೆ ತರತಕ್ಕದ್ದು ಎಂಬ ಚೀಟಿಯನ್ನು ಪ್ರದರ್ಶನದ ಮೇಜಿನ ಮೇಲೆ, ನೌಕರನ ಕಡೆಗೆ ಮುಖ ಮಾಡಿ, ಅಂಟಿಸಬೇಕು.